ಲೋಗನ್ ಬಾಯಿಯ ಉಡಿ

ಪುಣೆಯ ಸ್ಕಾಟಿಶ್ ಮಿಷನ್ನಿನ ಹೆಣ್ಣುಮಕ್ಕಳ ಶಾಲೆಗೆ ಅದರದೇ ಒಂದು ರೂಢಿಯಿತ್ತು. ಬೋರ್ಡಿಂಗಿನ ಅನಾಥ ಹುಡುಗಿ ಮದುವೆಯಾಗಿ ಹೊರಟರೆ ಶಾಲೆಯೇ ತವರು. ಪ್ರಾರ್ಥನೆಯ ಹಾಲಿನಲ್ಲಿ ಕೂರಿಸಿ, ಸೆರಗಿಗೆ ಅಕ್ಕಿ, ಕುಪ್ಪಸದ ಖಣ ಹಾಕಿ ಉಡಿ ತುಂಬುತ್ತಿದ್ದರು. ಆಕೆ ಅದರಲ್ಲಿ ಒಂದು ಹಿಡಿ ಅಕ್ಕಿಯನ್ನು ತವರಿಗೆಂದು ತಿರುಗಿ ಕೊಟ್ಟು ಹೊಸ್ತಿಲು ದಾಟುತ್ತಿದ್ದಳು. ಗೋಡೆಯ ಮೇಲೆ ದೇವರ ಒಂದು ಪಟವನ್ನೂ ಸಹಿಸದ ಮಿಷನ್ನಿನವರು ಇದನ್ನು ಹೇಗೆ ಸಹಿಸಿದರೋ, ಕೇಳಬೇಡಿ. ಮುಖ್ಯೋಪಾಧ್ಯಾಯಿನಿ ಲೋಗನ್ ಬಾಯಿ ಯಾವಾಗಲೋ ಒಮ್ಮೆ ಹೂಂ ಅಂದಿದ್ದರು, ಅಷ್ಟೇ.

ಅಕ್ಕಿ ಆರಿಸಿ, ಖಣ ಮಡಿಸಿ, ತಟ್ಟೆ ಅಣಿಮಾಡುತ್ತಿದ್ದವಳು ಕೃಷ್ಣಾಬಾಯಿ. ತುಂಬುವ ಹೊತ್ತಿಗೆ ಮಾತ್ರ ಬಾಗಿಲಾಚೆ ಸರಿಯುತ್ತಿದ್ದಳು. ಬೆಳಗಾವಿ ಕಡೆಯವಳು, ಆಟವಾಡುವ ವಯಸ್ಸಿಗೇ ವಿಧವೆಯಾಗಿ, ಅಪ್ಪನ ಹಿಂದೆ ಪುಣೆಗೆ ಬಂದು, ಇಲ್ಲಿಯೇ ಓದಿ ಇಲ್ಲಿಯೇ ಶಿಕ್ಷಕಿಯಾದವಳು. ವಿಧವೆ ಉಡಿ ತುಂಬುವಂತಿಲ್ಲ, ಆಕೆಯ ಉಡಿಯನ್ನು ಯಾರೂ ತುಂಬುವುದೂ ಇಲ್ಲ. ಮಕ್ಕಳಿಗೆ ಭೂಮಂಡಲವನ್ನೆಲ್ಲ ಕಲಿಸಿದವಳಿಗೂ ಅದೇ ನಿಯಮ.

ಸಾವಿರದ ಒಂಬೈನೂರ ನಲವತ್ತೇಳರ ಬೇಸಿಗೆಯಲ್ಲಿ ಶಾಲೆಯನ್ನು ಇಲ್ಲಿಯವರ ಕೈಗೊಪ್ಪಿಸಿ ಲೋಗನ್ ಬಾಯಿ ಸ್ಕಾಟ್ಲೆಂಡಿನ ತಮ್ಮ ಊರಿಗೆ ಹೊರಟರು. ಅವರನ್ನೂ ಉಡಿ ತುಂಬಿಯೇ ಕಳಿಸುವುದೆಂದಾಯಿತು. ತನಗೆ ಅಕ್ಷರ ಕೊಟ್ಟ ಈ ಒಬ್ಬರ ಉಡಿಯನ್ನಾದರೂ ಕೈಯಾರೆ ತುಂಬಬೇಕೆಂದು ಕೃಷ್ಣಾಬಾಯಿಯ ಜೀವ ಹಂಬಲಿಸಿತು. ಬಾಯಿಬಿಟ್ಟು ಹೇಳಲಾಗಲಿಲ್ಲ. ತನ್ನ ರೇಶನ್ ಅಕ್ಕಿಯಲ್ಲಿ ಎತ್ತಿಟ್ಟದ್ದನ್ನು ತಟ್ಟೆಗೆ ಸುರಿದು, ತನ್ನ ಕಡೆಯವಳೇ ಆದ ಮುತ್ತೈದೆ, ಹಳೆಯ ವಿದ್ಯಾರ್ಥಿನಿ ಭಾಮಾಳ ಕೈಗೆ ಕೊಟ್ಟು, ಎಂದಿನಂತೆ ಬಾಗಿಲಲ್ಲಿ ನಿಂತಳು.

ಫ್ರಾಕಿಗೆ ಸೆರಗೆಲ್ಲಿಯದು? ಭಾಮಾ ತಟ್ಟೆ ಹಿಡಿದು ಪೇಚಾಡಿದಳು. ಹುಡುಗಿಯರು ಕಿಸಕ್ಕನೆ ನಕ್ಕರು. ಲೋಗನ್ ಬಾಯಿ ತಮ್ಮ ಚೌಕಳಿಯ ಉಣ್ಣೆ ಶಾಲನ್ನೇ ಮಡಿಲಿಗೆ ಹರವಿಕೊಂಡು ಬಾಗಿಲ ಕಡೆ ನೋಡಿದರು.

“ಕೃಷ್ಣಾ, ಅಲ್ಲೇನ್ ಮಾಡ್ಲಿಕತ್ತಿ? ಒಳಗ ಬಾ.” ಆ ಕನ್ನಡ ಕೃಷ್ಣಾಬಾಯಿಯೇ ಕಲಿಸಿದ್ದು.

“ಅವರು ತುಂಬೋ ಹಂಗಿಲ್ರಿ, ಬಾಯಿ,” ಎಂದು ಭಾಮಾ ಪಿಸುಗುಟ್ಟಿದಳು. “ನಿಮಗ ಗೊತ್ತದಲ್ರಿ.”

“ಗೊತ್ತದ. ಇಷ್ಟ್ ವರ್ಷ ನೋಡಿ ಸುಮ್ಮನಿದ್ದೆ, ಅದು ತಪ್ಪಾತು. ನನಗೂ ಗಂಡ ಇಲ್ಲ, ನನ್ನ ಉಡಿ ತುಂಬ್ಲಿಕ್ಕೆ ನಿಂತೀಯಲ್ಲ. ಅಕಿನ ತುಂಬ್ಲಿ.”

ಭಾಮಾ ತಟ್ಟೆಯನ್ನು ಬಾಗಿಲ ತನಕ ತಾನೇ ಒಯ್ದು ಕೊಟ್ಟಳು.

ಕೃಷ್ಣಾಬಾಯಿ ತುಂಬಿದಳು. ತುಂಬಿ ರೂಢಿಯಿಲ್ಲದ ಕೈಯಿಂದ ಅರ್ಧ ಅಕ್ಕಿ ನೆಲಕ್ಕೆ ಚೆಲ್ಲಿತು. ಇನ್ನು ತನಗೆ ಏನೂ ಬೇಡವೆನಿಸುವಷ್ಟು ಸಂತೋಷವಾಗಿ, ಕಣ್ಣೊರೆಸಿಕೊಳ್ಳುತ್ತ ಹಿಂದಿರುಗಲು ನೋಡಿದಳು.

“ನಿಲ್ಲು. ತವರಿಗೆ ಕೊಡೂದು ಕೊಡಬೇಕಲ್ಲ? ಸೆರಗು ಒಡ್ಡು.”

ಹೇಳಿದ ಮಾತು ಕೇಳಿ ರೂಢಿಯಾದ ವಿದ್ಯಾರ್ಥಿನಿ, ಯೋಚಿಸದೆ ಒಡ್ಡಿದಳು. ಲೋಗನ್ ಬಾಯಿ ಹಿಡಿ ತುಂಬ ಅಕ್ಕಿ ಹಾಕಿದರು. ಮದುವೆಯ ದಿನ ಅವ್ವ ತುಂಬಿದ ಮೇಲೆ ಅವಳ ಉಡಿಗೆ ಅಕ್ಕಿ ಬಿದ್ದದ್ದು ಅದೇ ಮೊದಲು. ಅದನ್ನು ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಕೃಷ್ಣಾಬಾಯಿ ಅವರನ್ನು ಟಾಂಗಾದ ತನಕ ಕಳಿಸಲು ಹೋದಳು.