ಹಸಿರು ಬಾಗಿಲು

ಪೊಲೀಸ್ ಕಚೇರಿಯ ಮೂರನೆಯ ಮಹಡಿಯಲ್ಲಿ ಕೂತು ಊರಿನ ಬೀದಿ ಕ್ಯಾಮೆರಾಗಳನ್ನು ನೋಡುವುದು ಮಗನ ಕೆಲಸ. ಯಾರದಾದರೂ ಫೋಟೊ ಹಾಕಿದರೆ ಅವರು ಎಲ್ಲೆಲ್ಲಿ ಓಡಾಡಿದರೆಂದು ಯಂತ್ರವೇ ಹುಡುಕಿಕೊಡುತ್ತದೆ. ಅದಕ್ಕೆ ಮೊದಲು ಒಂದು ಪ್ರಕರಣದ ಸಂಖ್ಯೆ ಕೇಳುತ್ತದೆ, ಅಷ್ಟೆ.

ಮೂರು ತಿಂಗಳಿಂದ ಅಮ್ಮ ಪ್ರತಿ ಮಂಗಳವಾರ ಮಧ್ಯಾಹ್ನ ತಲೆ ಬಾಚಿಕೊಂಡು ಹೊರಡುತ್ತಿದ್ದಳು. ಎಲ್ಲಿಗೆ ಎಂದರೆ ಹೀಗೇ ಹೊರಗೆ ಎನ್ನುತ್ತಿದ್ದಳು. ಅರವತ್ತೇಳರ ಹೆಂಗಸಿಗೆ ‘ಹೀಗೇ ಹೊರಗೆ’ ಎಂಬ ಜಾಗ ಯಾವುದೆಂದು ಮಗನಿಗೆ ಹೊಳೆಯಲಿಲ್ಲ. ಒಂದು ದಿನ ಊಟದ ಬಿಡುವಿನಲ್ಲಿ, ತಾನೇ ತೆಗೆದಿದ್ದ ಅವಳ ಫೋಟೊ ಹಾಕಿ, ಒಂದು ಹಳೆಯ ಸೈಕಲ್ ಕಳವಿನ ಸಂಖ್ಯೆ ಒತ್ತಿದ. ಸ್ವಂತ ಕೆಲಸಕ್ಕೆ ಆ ಕೋಣೆಯವರೆಲ್ಲ ಒತ್ತುತ್ತಿದ್ದುದು ಅದನ್ನೇ. ಪಾಸ್‌ವರ್ಡ್ ಕೂಡ ಎಲ್ಲರಿಗೂ ಒಂದೇ. ಅಮ್ಮ ಬಸ್ಸಿಳಿದು, ಗಾಜಿನ ಅಂಗಡಿಯ ಹಿಂದಿನ ಓಣಿಯಲ್ಲಿ ಒಂದು ಹಸಿರು ಬಾಗಿಲೊಳಗೆ ಹೋಗಿದ್ದಳು. ಒಳಗೆ ಕ್ಯಾಮೆರಾ ಇರಲಿಲ್ಲ.

ಸೈಕಲ್ ಕಳೆದುಕೊಂಡವನು ಮಾತ್ರ ಬಿಡುವ ಆಸಾಮಿಯಲ್ಲ. ನ್ಯಾಯಾಲಯಕ್ಕೆ ಅಲೆದು ಅಲೆದು ಪ್ರಕರಣಕ್ಕೆ ಮರುಜೀವ ಕೊಡಿಸಿದ. ಹೊಸ ತನಿಖಾಧಿಕಾರಿ ಕಡತ ತೆರೆದಾಗ ಆ ಸಂಖ್ಯೆಯಲ್ಲಿ ಯಾರ್ಯಾರ ಫೋಟೊ ಹಾಕಿದ್ದರೋ ಅವರನ್ನೆಲ್ಲ ಸೇರಿಸಿ ಯಂತ್ರ ಹನ್ನೊಂದು ಮಂದಿ ಶಂಕಿತರ ಪಟ್ಟಿ ಕೊಟ್ಟಿತು: ನಾಲ್ವರು ಹೆಂಡಂದಿರು, ಇಬ್ಬರು ಭಾವೀ ಅಳಿಯಂದಿರು, ಒಬ್ಬ ಮನೆ ಮಾಲೀಕ, ಹೀಗೆ. ಇಷ್ಟು ದೊಡ್ಡ ಗುಂಪು ಸೇರಿ ಒಂದು ಸೈಕಲ್ ಕದ್ದದ್ದು ಯಾಕೆಂದು ಅಧಿಕಾರಿ ಎರಡು ದಿನ ತಲೆ ಕೆಡಿಸಿಕೊಂಡರು. ಆಮೇಲೆ ಒಬ್ಬೊಬ್ಬರನ್ನಾಗಿ ಕರೆಸಿದರು. ಹತ್ತು ಜನ ತಾವು ಎಲ್ಲಿಗೆ, ಯಾಕೆ ಹೋಗಿದ್ದೆವೆಂದು ಹೇಳಿ ಸಹಿ ಹಾಕಿ ಹೋದರು.

ಅಮ್ಮ ಹೇಳಲಿಲ್ಲ. ಅದು ನನ್ನ ವಿಷಯ ಎಂದಳು. ಆ ಹಸಿರು ಬಾಗಿಲಿನ ಮನೆಯಲ್ಲಿ ಸೈಕಲ್ ಇದೆಯೇ ಎಂದು ಕೇಳಿದ್ದಕ್ಕೆ, ತನಗೆ ಸೈಕಲ್ ಹೊಡೆಯಲು ಬರುವುದಿಲ್ಲ ಎಂದಳು. ಅಧಿಕಾರಿ ಅದನ್ನೂ ಬರೆದುಕೊಂಡರು. ನಾಳೆ ಹತ್ತು ಗಂಟೆಯೊಳಗೆ ಹೇಳಿದರೆ ಸರಿ, ಇಲ್ಲವಾದರೆ ಆ ಮನೆಯನ್ನು ಶೋಧಿಸಬೇಕಾಗುತ್ತದೆ ಎಂದು ತಿಳಿಸಿ ಕಳಿಸಿದರು.

ಸಂಜೆ ಇದಿಷ್ಟನ್ನೂ ಅಮ್ಮ ತರಕಾರಿ ಹೆಚ್ಚುತ್ತಾ ಮಗನಿಗೆ ಹೇಳಿದಳು. ಅವಳು ಬಾಯಿ ಬಿಟ್ಟರೆ ಹುಡುಕಿದ್ದು ಯಾರೆಂಬ ಪ್ರಶ್ನೆ ಏಳದೆ ತನ್ನ ಕೆಲಸ ಉಳಿಯುತ್ತದೆ, ಗುಟ್ಟೂ ತಿಳಿಯುತ್ತದೆ ಎಂದು ಮಗ ಲೆಕ್ಕ ಹಾಕಿದ.

“ಹೇಳಿಬಿಡಮ್ಮ. ಅದರಲ್ಲೇನಿದೆ?”

“ಅವರ ಹತ್ರ ನನ್ನ ಫೋಟೊ ಇತ್ತು ಕಣೋ. ಹಿತ್ತಲಲ್ಲಿ ಬಟ್ಟೆ ಒಣಗಿಸ್ತಿರೋದು. ನೀನು ತೆಗೆದಿದ್ದು.”

ಮಗ ನೀರು ಕುಡಿದ. ಲೋಟ ಕೆಳಗಿಟ್ಟ.

“ಅವರಿಗೆ ಹೇಳಿದ್ಯಾ?”

“ಇಲ್ಲ. ಅದು ನಿನ್ನ ವಿಷಯ.”

ಅವಳು ಹೆಚ್ಚುವುದನ್ನು ನಿಲ್ಲಿಸಿರಲಿಲ್ಲ.

ಮರುದಿನ ಒಂಬತ್ತಕ್ಕೇ ಮಗ ಅಧಿಕಾರಿಯ ಮೇಜಿನ ಮುಂದೆ ನಿಂತು, ಹುಡುಕಿದ್ದು ತಾನೇ, ಸೈಕಲ್ಲಿಗೂ ಅಮ್ಮನಿಗೂ ಸಂಬಂಧವಿಲ್ಲ ಎಂದು ಬರೆದುಕೊಟ್ಟ. ಅಧಿಕಾರಿ ಎರಡು ಸಲ ಓದಿದರು. ಪಟ್ಟಿಯಲ್ಲಿ ಒಂದು ಹೆಸರು ಹೊಡೆದುಹಾಕಿದರು. ಶೋಧನೆ ರದ್ದಾಯಿತು ಎಂದರು. ಇಂಥದ್ದಕ್ಕೆ ಅಮಾನತು ಮಾಡದೆ ವಿಧಿಯಿಲ್ಲ ಎಂದೂ ಹೇಳಿ, ಅವನ ಗುರುತಿನ ಚೀಟಿ ತೆಗೆದುಕೊಂಡು ಡ್ರಾಯರಿಗೆ ಹಾಕಿದರು. ಆಮೇಲೆ ಕುರ್ಚಿ ಮುಂದಕ್ಕೆಳೆದುಕೊಂಡು ದನಿ ತಗ್ಗಿಸಿದರು.

“ಅದಿರಲಿ, ಎಲ್ಲಿಗ್ರೀ ಹೋಗ್ತಾರೆ ನಿಮ್ಮಮ್ಮ?”

“ಗೊತ್ತಿಲ್ಲ ಸಾರ್.”

“ನಿನ್ನೆ ರಾತ್ರಿ ಕೇಳಿರ್ತೀರಲ್ಲ.”

“ಕೇಳಲಿಲ್ಲ ಸಾರ್.”

ಅಧಿಕಾರಿಗೆ ನಿರಾಸೆಯಾದದ್ದು ಮುಖದಲ್ಲೇ ಕಂಡಿತು.

ಮುಂದಿನ ಮಂಗಳವಾರ ಮಗ ಮನೆಯಲ್ಲೇ ಇದ್ದ. ಅಮ್ಮ ಬಾಗಿಲು ಹಾಕಿಕೋ ಎಂದು ಹೇಳಿ ಮೆಟ್ಟಿಲಿಳಿದಳು. ಅವನು ಚಿಲಕ ಹಾಕಿ ಬಂದು ಕಿಟಕಿಗೆ ಬೆನ್ನು ಮಾಡಿ ಕೂತ. ಆ ಕಿಟಕಿಯಿಂದ ಬಸ್ ನಿಲ್ದಾಣ ಚೆನ್ನಾಗಿ ಕಾಣುತ್ತದೆ.