ಕೇಳದ ಸದ್ದಿಗೆ ಎತ್ತಿದ ಕೈ

ಉಮ್ಮರಬ್ಬ ಪಿಸುಗುಟ್ಟಿದ್ದನ್ನು ಯಾರೂ ಕಂಡವರಿಲ್ಲ. ಗುಟ್ಟನ್ನೂ ಅವನು ಕೂಗಿಯೇ ಹೇಳುತ್ತಿದ್ದ. ಗಲ್ಫಿನ ಫರ್ವಾನಿಯಾದ ನಮ್ಮ ಕಟ್ಟಡದಲ್ಲಿ ಅವನು ಕೆಳಗೆ ಲಿಫ್ಟಿಗೆ ಕಾಯುತ್ತಿರುವಾಗಲೇ ಮೂರನೇ ಮಹಡಿಯಲ್ಲಿ ನಾವು ಅವನ ತಟ್ಟೆ ಹಾಕುತ್ತಿದ್ದೆವು. ತಲೆಯನ್ನು ತುಸು ಬಲಕ್ಕೆ ವಾಲಿಸಿ, ಎದುರಿನವರ ತುಟಿಯನ್ನೇ ನೋಡುತ್ತಾ, ಜೋಕು ಮುಗಿಯುವ ಮೊದಲೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. ಊರಿನಿಂದ ಹೆಂಡತಿ ರಮ್ಲಾ ಫೋನ್ ಮಾಡಿದರೆ ಅವಳಿಗೆ ಎಡೆ ಕೊಡದೆ ತಾನೇ ಪೂರ್ತಿ ಮಾತಾಡಿ ಇಟ್ಟುಬಿಡುತ್ತಿದ್ದ. ಜಗಳಗಂಟ ಎಂದವರಿದ್ದರು, ಗರ್ವಿಷ್ಠ ಎಂದವರೂ ಇದ್ದರು. ಕಿವುಡ ಎಂದು ಮಾತ್ರ ಯಾರೂ ಅನ್ನಲಿಲ್ಲ. ಅಷ್ಟು ಎಚ್ಚರದಿಂದ ಅವನು ಬದುಕಿದ್ದ.

ಅಲ್ಯೂಮಿನಿಯಂ ಕಿಟಕಿ ಮಾಡುವ ಶೆಡ್ಡಿನಲ್ಲಿ, ಗರಗಸದ ಮುಂದೆ, ಅವನ ಪ್ರಾಯ ಕಳೆದಿತ್ತು. ನಾನು ಅಲ್ಲಿಯ ಸ್ಟೋರಿನಲ್ಲಿದ್ದೆ. ಎರಡು ಸಾವಿರದ ಐದರ ಸುಮಾರಿಗೆ ಕಂಪನಿಯವರು ಕಿವಿಯ ಪರೀಕ್ಷೆ ಶುರುಮಾಡಿದರು. ಸದ್ದು ಕೇಳಿದಾಗ ಕೈ ಎತ್ತಬೇಕು. ಕೇಳದವರನ್ನು ಊರಿಗೆ ಕಳಿಸುತ್ತಾರೆಂಬ ಸುದ್ದಿ ಹಬ್ಬಿದ್ದೇ ತಡ, ನರ್ಸ್ ಒಲಿಂಡಾಳ ಬೆರಳು ಗುಂಡಿ ಒತ್ತುವುದನ್ನು ನೋಡಿ ಕೈ ಎತ್ತುವ ವಿದ್ಯೆಯನ್ನು ಇಡೀ ಶೆಡ್ಡು ಕಲಿತುಬಿಟ್ಟಿತು. ಕಲಿಸಿದವನು ಉಮ್ಮರಬ್ಬನೇ. ಎಲ್ಲರ ಕಿವಿಯೂ ಚೆನ್ನಾಗಿದೆ, ಹಾಗಾದರೆ ಗರಗಸದ ಸುತ್ತ ಸದ್ದು ತಡೆಯುವ ಗೋಡೆ ಯಾಕೆ ಎಂದು ಆಫೀಸು ಸುಮ್ಮನಾಯಿತು.

ಮರುವರ್ಷ ಒಲಿಂಡಾ ಅವನ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿದಳು. ಉಮ್ಮರಬ್ಬ ಅಂದಾಜಿನ ಮೇಲೆ ಕೈ ಎತ್ತುತ್ತಲೇ ಹೋದ. ಅವಳು ಬಂದು ಎದುರಿಗೆ ನಿಂತಳು.

"ಉಮ್ಮರಾಕ, ಮೆಷಿನ್ ಆನ್ ಮಾಡ್ಲೇ ಇಲ್ಲ ನಾನು. ಕೈ ಎತ್ತಿದ್ದು ಎಂತಕ್ಕೆ?"

"ಆಫ್ ಇದ್ದದ್ದೂ ಕೇಳ್ತದಲ್ಲ, ನನ್ನ ಕಿವಿ ಎಷ್ಟು ಚುರುಕು ನೋಡಿ ಸಿಸ್ಟರ್!"

ಅವಳು ನಗಲಿಲ್ಲ. "ಹೋದ ಕಿವಿ ವಾಪಸ್ ಬರುದಿಲ್ಲ. ಉಳಿದವರದ್ದಾದ್ರೂ ಉಳೀಲಿ. ನೀವೆಲ್ಲ ಹೀಗೆ ಕೈ ಎತ್ತಿದ್ರೆ ಆ ಗೋಡೆ ಯಾರು ಕಟ್ಟಿಸ್ತಾರೆ?"

ಅವನ ಇಕಾಮಾ, ಅಂದರೆ ಅಲ್ಲಿ ಉಳಿಯುವ ಪರವಾನಗಿ, ನವೀಕರಣವಾಗಬೇಕಿದ್ದ ತಿಂಗಳು ಅದು; ಮಗಳು ಸಹಲಾಳ ಓದು ಇನ್ನೂ ನಡುವಿನಲ್ಲಿತ್ತು. ಮೂರನೆಯ ದಿನ ಅವನು ಮ್ಯಾನೇಜರನ ಕೋಣೆಗೆ ನನ್ನನ್ನೂ ಎಳೆದುಕೊಂಡು ಹೋದ.

"ಮುದೀರ್, ಮೇರಾ ಕಾನ್ ಖಲಾಸ್!"

ಮ್ಯಾನೇಜರ್ ಎದ್ದು ಬಾಗಿಲು ಮುಚ್ಚಿದ. ಪ್ರಯೋಜನವಾಗಲಿಲ್ಲ, ಶೆಡ್ಡಿನಲ್ಲಿ ಎಲ್ಲರೂ ಕೇಳಿಸಿಕೊಂಡರು. ತನ್ನ ಮುರುಕು ಹಿಂದಿಯಲ್ಲಿ ಉಮ್ಮರಬ್ಬ ಹೇಳಿದ್ದು ಇಷ್ಟೇ: ನನ್ನನ್ನು ಊರಿಗೆ ಕಳಿಸಿದರೆ ಇವರೆಲ್ಲ ಸುಳ್ಳು ಹೇಳುತ್ತಲೇ ಕಿವುಡರಾಗುತ್ತಾರೆ, ಇಟ್ಟುಕೊಂಡರೆ ನಾಳೆಯಿಂದ ನಿಜ ಹೇಳುತ್ತಾರೆ, ಯಾವುದು ಬೇಕೋ ನೀವೇ ನೋಡಿ.

ಮ್ಯಾನೇಜರ್ ಕೆಟ್ಟವನಲ್ಲ. ಒಂದು ವಾರ ತಡಮಾಡಿದ, ಆಮೇಲೆ ಇಕಾಮಾ ನವೀಕರಿಸಿ ಉಮ್ಮರಬ್ಬನನ್ನು ಗರಗಸದಿಂದ ಬಿಡಿಸಿ ಅಳತೆಯ ಮೇಜಿಗೆ ಹಾಕಿದ. ಪರೀಕ್ಷೆ ಮತ್ತೊಮ್ಮೆ ನಡೆದಾಗ ಶೆಡ್ಡಿನ ಅರ್ಧಕ್ಕರ್ಧ ಜನ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಆ ಬೇಸಿಗೆಗೆ ಮೊದಲೇ ಗರಗಸದ ಸುತ್ತ ಗೋಡೆ ಎದ್ದಿತು.

ಕಳೆದ ತಿಂಗಳು, ರಜೆಗೆ ಹೋಗಿದ್ದಾಗ, ಅವನು ಊರಿನಲ್ಲಿ ತೀರಿಕೊಂಡ. ನಮ್ಮ ಕೋಣೆ ಈಗ ಬಹಳ ಶಾಂತವಾಗಿದೆ, ಅದು ನನಗೆ ಒಗ್ಗಿಲ್ಲ.

ಬೆರಳು ಕತ್ತರಿಸಿಕೊಂಡವನನ್ನು ಕಂಪನಿ ಗಾಡಿ ಹತ್ತಿಸಿ ಆಸ್ಪತ್ರೆಗೆ ಒಯ್ಯುತ್ತದೆ. ಕಿವಿ ಹೋಗುವವನದು ರಕ್ತವಿಲ್ಲದ ಗಾಯ; ದಿನವೂ ಹಾಜರಾಗಿ, ನಗುನಗುತ್ತಲೇ ಅವನು ಅದನ್ನು ಕಳೆದುಕೊಳ್ಳುತ್ತಾನೆ, ಹೇಳಿದರೆ ಅನ್ನ ಹೋದೀತೆಂದು ಬಚ್ಚಿಡುತ್ತಾನೆ. ಪರೀಕ್ಷೆಯ ಯಂತ್ರವನ್ನು ಯಾವ ಧಣಿಯೂ ಕೊಳ್ಳಬಹುದು. ಅದರ ಮುಂದೆ ಕೂತವನು ಹೆದರದೆ "ಕೇಳುವುದಿಲ್ಲ" ಎನ್ನುವಂತೆ ಮಾಡುವುದೂ ಧಣಿಯದೇ ಕೆಲಸ. ಅವನು ಮಾಡದಿದ್ದರೆ ಉಮ್ಮರಬ್ಬನಂಥವನೊಬ್ಬ ತನ್ನ ಅನ್ನವನ್ನೇ ಒತ್ತೆಯಿಟ್ಟು ಮಾಡಬೇಕಾಗುತ್ತದೆ. ಅಂಥವನು ಪ್ರತಿ ಶೆಡ್ಡಿನಲ್ಲೂ ಇರುವುದಿಲ್ಲ.