ಎಡಗಡೆಯ ಬ್ರೇಕು

“ಕಾಲು ತೆಗೀರಿ,” ಅಂದಳು ಹೆಂಡತಿ, ರಸ್ತೆಯಿಂದ ಕಣ್ಣು ಕದಲಿಸದೆ.

“ಯಾವ ಕಾಲು ತೆಗೀಲಿ? ಒಂದನ್ನ ಡಾಕ್ಟರು ತೆಗೆದಾಯ್ತು.”

“ಇನ್ನೊಂದನ್ನ ನಾನೇ ತೆಗೀತೀನಿ, ಬ್ರೇಕ್ ಮೇಲಿಂದ ಎತ್ತದಿದ್ರೆ.”

ಮೇಷ್ಟ್ರು ಕೆಳಗೆ ನೋಡಿದರು. ಆ ಕಾರಿನಲ್ಲಿ ಎಡಗಡೆಯ ಸೀಟಿನ ಮುಂದೆಯೂ ಒಂದು ಕ್ಲಚ್ಚು, ಒಂದು ಬ್ರೇಕು ಇದ್ದವು. ಕಲಿಯುವವರು ಕಂಗಾಲಾದಾಗ ಕಲಿಸುವವನು ಒತ್ತಲೆಂದು ಕೂಡಿಸಿದವು. ಬಲಗಾಲು ಇರಬೇಕಾದ ಜಾಗದಲ್ಲಿ ಮಡಚಿ ಪಿನ್ನು ಹಾಕಿದ ಪ್ಯಾಂಟಿನ ತುದಿ ತೂಗುತ್ತಿತ್ತು. ಎಡಗಾಲು ಯಾರನ್ನೂ ಕೇಳದೆ ಅಡ್ಡ ಹಾಯ್ದು ಹೋಗಿ ಬ್ರೇಕಿನ ಮೇಲೆ ಕುಳಿತಿತ್ತು. ಎತ್ತುವಷ್ಟರಲ್ಲಿ ತಡವಾಯಿತು. ಏರುರಸ್ತೆಯ ನಡುಮಧ್ಯೆ ಕಾರು ಕೆಮ್ಮಿ, ನಡುಗಿ, ಆಫ್ ಆಯಿತು.

ಹಿಂದೆ ಹಾರನ್ನುಗಳು ಶುರುವಾದವು. ಮೊದಲು ಒಂದು ಸ್ಕೂಟರು, ಆಮೇಲೆ ಒಂದು ವ್ಯಾನು, ಆಮೇಲೆ ಎಲ್ಲರೂ. ಮೇಷ್ಟ್ರ ಕತ್ತು ಬಿಸಿಯಾಯಿತು. “ಸ್ಟಾರ್ಟ್ ಮಾಡು, ಬೇಗ ಸ್ಟಾರ್ಟ್ ಮಾಡೇ!”

ಅವಳು ಬೇಗ ಏನನ್ನೂ ಮಾಡಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆದಳು. ಗೇರನ್ನು ನ್ಯೂಟ್ರಲ್‌ಗೆ ತಂದಳು. ಜಾರಿದ ಕನ್ನಡಕ ಮೇಲೇರಿಸಿದಳು. ಆಮೇಲೆ ಕೀಲಿ ತಿರುಗಿಸಿದಳು.

“ಗಾಡಿ ಆಫ್ ಆದ್ರೆ ಯಾರೂ ಸಾಯಲ್ಲ,” ಅಂದಳು, ಗಂಡನ ದನಿಯನ್ನೇ ಅಣಕಿಸುತ್ತ. “ಹಿಂದಿನವ್ರು ಹಾರನ್ ಹೊಡೀತಾರೆ. ಅದು ಅವರ ಕೆಲಸ. ನಿಮ್ಮ ಕೆಲಸ ನೀವು ಮಾಡಿ.”

ಇಪ್ಪತ್ತೆಂಟು ವರ್ಷ ಅವರು ಈ ಮಾತನ್ನು ದಿನಕ್ಕೆ ನಾಲ್ಕು ಸಲವಾದರೂ ಆಡಿದ್ದರು. ಊರಿನಲ್ಲಿ ಸ್ಟೀರಿಂಗ್ ಹಿಡಿದವರಲ್ಲಿ ಅರ್ಧಕ್ಕರ್ಧ ಜನರಿಗೆ ಅವರು ‘ಬ್ರೇಕ್ ಮೇಷ್ಟ್ರು’. ಹೆಂಡತಿಗೆ ಮಾತ್ರ ಕಲಿಸಿರಲಿಲ್ಲ; ಮನೆಗೆ ಒಬ್ಬ ಡ್ರೈವರ್ ಸಾಕು ಅನ್ನುತ್ತಿದ್ದರು. ಹೆಬ್ಬೆರಳಿನ ಒಂದು ಸಣ್ಣ ಗಾಯ ಸಕ್ಕರೆ ಕಾಯಿಲೆಯ ದೆಸೆಯಿಂದ ಮಾಯದೆ, ಮೊಣಕಾಲಿನ ಕೆಳಗಿನದನ್ನೆಲ್ಲ ಕರೆದುಕೊಂಡು ಹೋದ ಮೇಲೆ, ಆಸ್ಪತ್ರೆಗೆ ಓಡಾಡಲು ಯಾರಾದರೂ ಬೇಕಾಯಿತು. ಐವತ್ತಮೂರನೆಯ ವಯಸ್ಸಿನಲ್ಲಿ ಅವಳು ಕಲಿತಳು. ಅವರ ಕೊನೆಯ ಶಿಷ್ಯೆ. ಅಲ್ಲಿಗೆ ಅವರ ಡ್ರೈವಿಂಗ್ ಸ್ಕೂಲಿನ ಬಾಗಿಲು ಮುಚ್ಚಿತು.

ಸ್ಕೂಲಿಗೆಂದು ಎರಡು ಕಾರು ಸಾಲದಲ್ಲಿ ತಂದಿದ್ದರು. ಒಂದನ್ನು ಸಾಲ ಕೊಟ್ಟವರು ಆಗಲೇ ಎಳೆದುಕೊಂಡು ಹೋಗಿದ್ದರು. ಅದರ ಮೇಲೆ ಆಸ್ಪತ್ರೆಯ ಸಾಲ. ತೀರಿಸುವ ದಾರಿಯೇ ಇಲ್ಲದಾಗ, ಕೋರ್ಟಿಗೆ ದಿವಾಳಿ ಅರ್ಜಿ ಹಾಕಿ ಎಂದು ಹಳೆಯ ಶಿಷ್ಯೆಯೊಬ್ಬಳು, ಈಗ ವಕೀಲೆ, ಕಾಗದಗಳನ್ನು ಸಿದ್ಧಮಾಡಿಟ್ಟಿದ್ದಳು. ಸಹಿಯೊಂದೇ ಬಾಕಿ.

ದಿವಾಳಿ! ಮೇಷ್ಟ್ರಿಗೆ ಆ ಪದ ಬೈಗುಳವಾಗಿಯೇ ಪರಿಚಯ. ಕನ್ನಡಿ ನೋಡದೆ ಗಾಡಿ ತಿರುಗಿಸಿದವರಿಗೆ, “ಬುದ್ಧಿ ದಿವಾಳಿ ಎದ್ದಿದೆಯೇನ್ರಿ?” ಎಂದು ಅವರೇ ಎಷ್ಟೋ ಸಲ ಕೂಗಿದ್ದರು. ಅದನ್ನು ತಮ್ಮ ಹೆಸರಿನ ಪಕ್ಕದಲ್ಲಿ ಕೂರಿಸಿಕೊಳ್ಳಲು ಅವರಿಗೆ ಮನಸ್ಸಿರಲಿಲ್ಲ. ಇನ್ನೊಂದು ದಾರಿಯಿತ್ತು. ಹೆಂಡತಿಗೆ ಅವಳ ತಾಯಿಯಿಂದ ಬಂದ ಎರಡು ಕೋಣೆಯ ಮನೆ. ಹದಿನೈದು ದಿನದ ಹಿಂದೆ, “ಅದನ್ನ ಮಾರಿಬಿಡೋಣ,” ಎಂದಿದ್ದರು. ಒಗೆದ ಬಟ್ಟೆ ಮಡಚುತ್ತಿದ್ದ ಅವಳು, “ಸರಿ,” ಎಂದು ಮುಂದಿನ ಬಟ್ಟೆ ಎತ್ತಿಕೊಂಡಳು. ಆಮೇಲೆ ಇಬ್ಬರೂ ಆ ಮಾತೆತ್ತಿರಲಿಲ್ಲ. ಆ ‘ಸರಿ’ಗೆ ಬೆನ್ನು ಕೊಟ್ಟು ಮೇಷ್ಟ್ರು ಅಂದಿನಿಂದ ಒರಗಿ ಕೂತಿದ್ದರು, ಅದು ಎಷ್ಟು ಭಾರ ತಡೆದೀತು ಎಂದು ನೋಡಿರಲಿಲ್ಲ. ಸಂಜೆ ಮನೆ ಕೊಳ್ಳುವವನು ಮುಂಗಡ ತರುವವನಿದ್ದ. ಅದಕ್ಕೆ ಮೊದಲು ವಕೀಲೆಗೆ ಅರ್ಜಿ ಬೇಡವೆಂದು ಹೇಳಿಬರಲು ಹೊರಟಿದ್ದರು.

ವಕೀಲೆಯ ಕಚೇರಿ ಏರು ಮುಗಿದಲ್ಲಿ, ನೆಲಮಹಡಿಯಲ್ಲೇ. ಅವಳು ಲೈಸೆನ್ಸಿನ ಪರೀಕ್ಷೆಯಲ್ಲಿ ಮೂರು ಸಲ ಫೇಲಾದವಳು. ಮೂರನೆಯ ಸಲ ಪರೀಕ್ಷೆ ಮಾಡುವವನ ಪ್ಲಾಸ್ಟಿಕ್ ಕುರ್ಚಿಗೇ ಗುದ್ದಿದ್ದಳು, ಪುಣ್ಯಕ್ಕೆ ಅವನು ಎದ್ದು ನಿಂತಿದ್ದ.

“ಬನ್ನಿ ಮೇಷ್ಟ್ರೇ. ಯಾರು ಓಡಿಸಿದ್ದು?”

“ಇವಳೇ. ಏರಿನಲ್ಲಿ ಆಫ್ ಆಯ್ತು.”

“ಯಾರಿಂದ ಆಯ್ತು, ಅದನ್ನೂ ಹೇಳಿ,” ಅಂದಳು ಹೆಂಡತಿ.

ಮೇಷ್ಟ್ರು ಊರುಗೋಲನ್ನು ಮೇಜಿಗೆ ಆನಿಸಿ ಕುಳಿತರು. “ಅರ್ಜಿ ಬೇಡ ವಕೀಲಮ್ಮ. ಮನೆ ಮಾರಿ ಎಲ್ಲರದ್ದೂ ತೀರಿಸಿಬಿಡ್ತೀನಿ.”

“ಯಾರ ಮನೆ?”

“ಇವಳದ್ದು.”

ವಕೀಲೆ ಒಮ್ಮೆ ಹೆಂಡತಿಯ ಮುಖ ನೋಡಿದಳು. “ಇವರ ಹೆಸರಿನ ಮನೆಗೂ ನಿಮ್ಮ ಸಾಲಕ್ಕೂ ಸಂಬಂಧ ಇಲ್ಲ ಮೇಷ್ಟ್ರೇ. ಅರ್ಜಿ ಹಾಕಿದ್ರೆ ಅದನ್ನ ಯಾರೂ ಮುಟ್ಟೋ ಹಾಗಿಲ್ಲ. ಕಾರು ಹೋಗುತ್ತೆ, ಉಳಿದ ಸಾಲ ಅಲ್ಲಿಗೆ ನಿಲ್ಲುತ್ತೆ. ಕಾಲು ಇರೋ ತನಕ ನೀವು ಒಂದು ಕಂತೂ ತಪ್ಪಿಸಿಲ್ಲ. ಈ ಕಾನೂನು ಇರೋದೇ ನಿಮ್ಮಂಥವರಿಗೆ.”

“ಪೇಪರಲ್ಲಿ ಹಾಕ್ತಾರಾ?”

“ಹಾಕ್ತಾರೆ. ಸಣ್ಣಕ್ಷರದಲ್ಲಿ.”

“ಸಣ್ಣಕ್ಷರವನ್ನೇ ಜನ ಕನ್ನಡಕ ಹಾಕ್ಕೊಂಡು ಓದೋದು.”

“ಓದ್ಲಿ. ಹಾರನ್ ಹೊಡೀತಾರೆ, ಅಷ್ಟೇ ತಾನೇ?” ಅಂದಳು ವಕೀಲೆ.

ಮೇಷ್ಟ್ರು ಮೇಜಿನತ್ತ ನೋಡಿದರು. ಫ್ಯಾನಿನ ಗಾಳಿಗೆ ಅರ್ಜಿಯ ಹಾಳೆಗಳು ಎದ್ದೆದ್ದು ಬೀಳುತ್ತಿದ್ದವು. ಪಕ್ಕದಲ್ಲಿ ಹೆಂಡತಿ ಕೀಲಿಗೊಂಚಲನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಕಾರಿನ ದಪ್ಪ ಕೀಲಿಯ ಜೊತೆಗೆ ತಾಯಿಯ ಮನೆಯ ಹಿತ್ತಾಳೆ ಕೀಲಿ, ಸವೆದು ಹೊಳೆಯುತ್ತಿತ್ತು. ತಿಂಗಳಿಗೊಮ್ಮೆ ಅಲ್ಲಿಗೆ ಹೋಗಿ, ಕಿಟಕಿಗಳನ್ನು ತೆರೆದು, ಯಾರೂ ಇಲ್ಲದ ಕೋಣೆಗಳನ್ನು ಗುಡಿಸಿ ಬರುತ್ತಿದ್ದಳು. ಯಾಕೆಂದು ಅವರು ಕೇಳಿರಲಿಲ್ಲ. ಕೇಳದಿರುವುದು ಒಳ್ಳೆಯ ಗಂಡನ ಲಕ್ಷಣವೆಂದು ಅಂದುಕೊಂಡಿದ್ದರು.

“ನಿನಗೆ ಆ ಮನೆ ಬೇಕೇನೇ?”

“ಬೇಕು.”

ಅಷ್ಟು ಬೇಗ ಬಂದ ಉತ್ತರಕ್ಕೆ ಅವರು ಸಿದ್ಧರಿರಲಿಲ್ಲ. “ಮತ್ತೆ ಅವತ್ತು ಸರಿ ಅಂದೆ?”

“ಅವತ್ತು ಮಾರೋಣ ಅಂದ್ರಿ. ಬೇಕಾ ಅಂತ ಇವತ್ತು ಕೇಳಿದ್ರಿ.”

ದನಿಯಲ್ಲಿ ಮುನಿಸಿರಲಿಲ್ಲ. ಮೇಷ್ಟ್ರು ಅರ್ಜಿಯ ಹಾಳೆಗಳನ್ನು ತಮ್ಮತ್ತ ಎಳೆದುಕೊಂಡರು. ವಕೀಲೆ ಸುಮ್ಮನೆ ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು, ಮತ್ತೆ ತೆಗೆದಳು.

“ಎಷ್ಟು ಕಡೆ ಸಹಿ?” ಕೊನೆಗೆ ಕೇಳಿದರು.

“ಒಂಬತ್ತು.”

“ಲೈಸೆನ್ಸ್ ಕೊಡಿಸೋಕೂ ನಾನು ನಿನ್ನ ಹತ್ತಿರ ಇಷ್ಟು ಹಾಕಿಸಿರಲಿಲ್ಲ ವಕೀಲಮ್ಮ.”

ಒಂದೊಂದು ಹಾಳೆಯನ್ನೂ ಓದಿಯೇ ಸಹಿ ಹಾಕಿದರು. ನಾಲ್ಕನೆಯದರಲ್ಲಿ ವೃತ್ತಿ ಎಂಬುದರ ಮುಂದೆ ‘ಡ್ರೈವಿಂಗ್ ಕಲಿಸುವುದು, ಹಿಂದೆ’ ಎಂದಿತ್ತು. ಆ ‘ಹಿಂದೆ’ಯ ಮೇಲೆ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಮುಂದೆ ಹೋಯಿತು.

ಮೂರು ತಿಂಗಳಾದ ಮೇಲೆ ಸಾಲ ಕೊಟ್ಟವರಿಗೆ ಕಾರನ್ನು ಒಪ್ಪಿಸುವ ದಿನ ಬಂತು. ಅಷ್ಟರಲ್ಲಿ ಬಾಡಿಗೆ ಮನೆ ಬಿಟ್ಟು ಎರಡು ಕೋಣೆಯ ಮನೆಗೆ ಸಾಮಾನು ಸಾಗಿಸಿಯಾಗಿತ್ತು. ಮುಂದಿನ ಕೋಣೆಯಲ್ಲಿ ಮೇಷ್ಟ್ರು ವಾರಕ್ಕೆ ಮೂರು ದಿನ ರಸ್ತೆ ಚಿಹ್ನೆಗಳ ಪಾಠ ಹೇಳುತ್ತಿದ್ದರು. ಗಾಡಿಗಳನ್ನು ಸಾಲಾಗಿ ನಿಲ್ಲಿಸಿದ ಬಯಲಿಗೆ ಹೆಂಡತಿಯೇ ಕಾರು ತಂದು, ಎರಡು ಗೆರೆಗಳ ನಡುವೆ ಹಿಮ್ಮುಖವಾಗಿ, ಒಂದೇ ಸಲಕ್ಕೆ ನಿಲ್ಲಿಸಿದಳು. ಅಲ್ಲಿನ ಗುಮಾಸ್ತ ಬಾಗಿಲು ತೆರೆದು ಒಳಗೆ ಬಗ್ಗಿದ.

“ಇದೇನ್ರೀ, ಎರಡೆರಡು ಬ್ರೇಕು? ಯಾವುದು ಕೆಲಸ ಮಾಡುತ್ತೆ?”

“ಎರಡೂ,” ಅಂದರು ಮೇಷ್ಟ್ರು.

“ಎಡಗಡೇದು ಒಂದು ಕೈ ಜಾಸ್ತಿ,” ಅಂದಳು ಹೆಂಡತಿ. ಗೊಂಚಲಿನಿಂದ ಕಾರಿನ ಕೀಲಿಯನ್ನು ಉಗುರಿನಲ್ಲಿ ಬಿಡಿಸಿ ಅವನ ಕೈಗಿಟ್ಟಳು.

ಮನೆಗೆ ಬಸ್ಸಿನಲ್ಲಿ ಹೊರಟರು. ಬಸ್ಸಿನ ಡ್ರೈವರೂ ಹಳೆಯ ಶಿಷ್ಯನೇ. ಊರುಗೋಲು ಮೇಲೇರುವ ತನಕ ಕಾದು, ಹಿಂದಕ್ಕೆ ತಿರುಗಿದ. “ಮೇಷ್ಟ್ರೇ, ಪೇಪರಲ್ಲಿ ನೋಡಿದೆ.”

ಅವನ ಹಿಂದಿನ ಸೀಟಿನವರೂ ಕತ್ತೆತ್ತಿದರು.

“ಹೌದಾ? ಕನ್ನಡಕ ಯಾವಾಗ ಬಂತೋ ನಿನಗೆ?”

“ಹೋದ ವರ್ಷ ಮೇಷ್ಟ್ರೇ,” ಎಂದು ಅವನು ನಾಚಿ, ಕನ್ನಡಿ ಸರಿಮಾಡಿಕೊಂಡು, ಗೇರು ಹಾಕಿದ.

ಹೆಂಡತಿ ಕಿಟಕಿಯ ಪಕ್ಕದ ಜಾಗವನ್ನು ಅವರಿಗೇ ಬಿಟ್ಟಳು. ಈ ರಸ್ತೆಯಲ್ಲಿ ಅವರು ಎಷ್ಟು ಸಾವಿರ ಸಲ ಹೋಗಿದ್ದರೋ. ಆದರೆ ನೋಡಿದ್ದು ಮುಂದಿನ ರಸ್ತೆ, ಪಕ್ಕದವರ ಕಾಲು, ಎರಡನ್ನೇ. ಬೇಕರಿಯ ಮೇಲೆ ಒಂದು ಮನೆಯಿದೆ ಎಂಬುದು ಇವತ್ತು ಗೊತ್ತಾಯಿತು. ಅದಕ್ಕೆ ಹಸಿರು ಕಿಟಕಿ. ಮುದುಕನೊಬ್ಬ ಕಿಟಕಿಯಲ್ಲಿ ನಿಂತು ದಿಂಬಿನ ಚೀಲವನ್ನು ಒಳಹೊರಗು ಮಾಡಿ ಕೊಡವುತ್ತಿದ್ದ.

“ನೋಡೇ ಅಲ್ಲಿ,” ಅಂದರು.

“ದಿನಾ ಕೊಡವ್ತಾರೆ ಅವ್ರು,” ಅಂದಳು ಅವಳು.

ಬಸ್ಸು ಇಳಿಜಾರಿಗೆ ಇಳಿಯಿತು. ಕೆಳಗೆ ಸಿಗ್ನಲ್ಲು ಕೆಂಪಾಯಿತು. ಊರುಗೋಲಿನ ಪಕ್ಕದಲ್ಲಿ ಮೇಷ್ಟ್ರ ಎಡಗಾಲು, ಚಪ್ಪಲಿ ಕಳಚಿ, ತನ್ನ ಪಾಡಿಗೆ ತಾನು ಕುಳಿತಿತ್ತು.